ಪ್ರಸಂಗಿಯ ‘ವ್ಯರ್ಥ’ ಅಂದರೆ ಮೂಲದಲ್ಲಿ ಹಬೆಯಾ?

ಇಡ್ಲಿಗಾಡಿ ಮಗ:

ಎಲ್ಲರಿಗೂ ನಮಸ್ಕಾರ. ಹೀಬ್ರೂ ಬಲ್ಲವರು ಯಾರಾದರೂ ಇಲ್ಲಿದ್ದೀರಾ? ಒಂದೇ ಒಂದು ಪದದ ಬಗ್ಗೆ ಕೇಳಬೇಕಿತ್ತು.

ನಮ್ಮಪ್ಪ ತೀರಿಹೋಗಿ ಎರಡು ತಿಂಗಳಾಯಿತು. ಹಾಸನದಲ್ಲಿ ಅವರದು ಇಡ್ಲಿ ಗಾಡಿ, 31 ವರ್ಷ ನಡೆಸಿದರು. ಬೆಳಗಿನ ಜಾವ ಮೂರೂವರೆಗೆ ಎದ್ದರೆ ಐದಕ್ಕೆ ಮೊದಲ ಒಬ್ಬೆ ಇಳಿಯುತ್ತಿತ್ತು. ಮುಚ್ಚಳ ತೆಗೆದ ತಕ್ಷಣ ಅಪ್ಪನ ಕನ್ನಡಕ ಪೂರ್ತಿ ಬೆಳ್ಳಗಾಗುತ್ತಿತ್ತು. ಅವರು ಒರೆಸಿಕೊಳ್ಳುತ್ತಿರಲಿಲ್ಲ. ಸುಮ್ನೆ ನಿಂತು, ಅದು ತಾನಾಗೇ ಆರುವ ತನಕ ಕೈಯಂದಾಜಿನಲ್ಲೇ ಇಡ್ಲಿ ಬಿಡಿಸುತ್ತಿದ್ದರು.

ಮಣ್ಣು ಮಾಡಿದ ಮೂರನೇ ದಿನ ಮನೆಯಲ್ಲಿ ಪ್ರಾರ್ಥನೆ ಇತ್ತು. ಬಂದಿದ್ದ ಅಯ್ಯನವರು ಬೈಬಲಿನ ಪ್ರಸಂಗಿ ಪುಸ್ತಕದಿಂದ 1:2 ಓದಿದರು. ಎಲ್ಲವೂ ವ್ಯರ್ಥ ಅನ್ನುವ ಆ ವಾಕ್ಯ. ಆಮೇಲೆ ಅದನ್ನೇ ಎಳೆದೆಳೆದು, ಮನುಷ್ಯ ಎಷ್ಟು ದುಡಿದರೇನು, ಎಷ್ಟು ಬೇಗ ಎದ್ದರೇನು, ಎಲ್ಲ ವ್ಯರ್ಥವೇ ಅಂದರು. ಅವರ ಉದ್ದೇಶ ಕೆಟ್ಟದ್ದಿರಲಿಲ್ಲ, ಗೊತ್ತು. ಆದರೆ ಅಮ್ಮ ಅರ್ಧದಲ್ಲೇ ಎದ್ದು ಅಡುಗೆಮನೆಗೆ ಹೋಗಿಬಿಟ್ಟಳು. ಅವತ್ತಿನಿಂದ ಬೈಬಲ್ ಮುಟ್ಟಿಲ್ಲ.

ಮೊನ್ನೆ ನಮ್ಮ ಚಿಕ್ಕಪ್ಪನ ಮಗ ಫೋನಿನಲ್ಲಿ ಒಂದು ಮಾತು ಹೇಳಿದ. ಮೂಲದಲ್ಲಿ ಇರುವ ಪದ ‘ಹೆವೆಲ್’, ಅದರ ಅರ್ಥ ವ್ಯರ್ಥ ಅಂತಲ್ಲ, ಹಬೆ ಅಂತ. ನನಗೆ ಮೈ ಜುಂ ಅಂತು. ಹೆವೆಲ್, ಹಬೆ. ಆದಾಮ-ಹವ್ವರ ಎರಡನೇ ಮಗ, ಕಾಯಿನನ ತಮ್ಮ ಹೇಬೆಲನ ಹೆಸರೂ ಇದೇ ಪದವಂತೆ. ಇದು ನಿಜಾನಾ? ಅಥವಾ ವಾಟ್ಸಾಪಿನಲ್ಲಿ ಹುಟ್ಟಿದ ಕಥೆಯಾ? ನಮ್ಮ ‘ಹಬೆ’ಗೂ ಅದಕ್ಕೂ ಸಂಬಂಧ ಇದೆಯಾ? ಅಮ್ಮನಿಗೆ ಹೇಳುವ ಮೊದಲು ಖಾತ್ರಿ ಮಾಡಿಕೊಳ್ಳಬೇಕು.

—

ಹಳೇ ಮೇಷ್ಟ್ರು:

ಅಪ್ಪನ ವಿಷಯ ಓದಿ ಬೇಜಾರಾಯಿತಪ್ಪ. ಕಥೆಯಲ್ಲ, ನಿಜ. ನಾನು ಪಾದ್ರಿ ಆಗುವ ಹುಡುಗರಿಗೆ ಹೀಬ್ರೂ ವ್ಯಾಕರಣ ಹೇಳಿಕೊಟ್ಟವನು, ಈಗ ನಿವೃತ್ತ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಹೇ, ಬೇತ್, ಲಾಮೆದ್. ಮೂರೇ ಅಕ್ಷರ. ನಡುವಿನ ಬೇತ್ ಒಂದು ಚುಕ್ಕೆಯಿದ್ದರೆ ‘ಬ’, ಇಲ್ಲದಿದ್ದರೆ ‘ವ’. ಅದಕ್ಕೇ ನಮ್ಮ ಬೈಬಲಿನಲ್ಲಿ ಹೇಬೆಲ, ನಿಮ್ಮ ತಮ್ಮನ ಬಾಯಲ್ಲಿ ಹೆವೆಲ್. ಎರಡೂ ಒಂದೇ ಪದ. ಮೂಲ ಅರ್ಥ ಉಸಿರು, ಬಾಯಿಂದ ಬರುವ ಬಿಸಿ ಆವಿ. ಯೆಶಾಯ 57:13 ನೋಡಿ. ಅಲ್ಲಿ ವಿಗ್ರಹಗಳನ್ನು ಗಾಳಿ ಹೊತ್ತುಕೊಂಡು ಹೋಗುತ್ತದೆ, ಹೆವೆಲ್ ಎತ್ತಿಕೊಂಡು ಹೋಗುತ್ತದೆ ಅಂತ ಇದೆ. ಗಾಳಿಯ ಪಕ್ಕದಲ್ಲೇ ಕೂತಿದೆ ಪದ. ಕೀರ್ತನೆ 62:9ರಲ್ಲಿ ಇನ್ನೂ ಚೆಂದ: ಮನುಷ್ಯರನ್ನೆಲ್ಲ ಒಟ್ಟಿಗೆ ತಕ್ಕಡಿಗೆ ಹಾಕಿದರೆ ತಟ್ಟೆ ಮೇಲೇಳುತ್ತದೆ, ಹೆವೆಲ್‌ಗಿಂತ ಹಗುರ. ಅಲ್ಲಿ ‘ವ್ಯರ್ಥಕ್ಕಿಂತ ಹಗುರ’ ಅಂತ ಓದಲಾಗುತ್ತದಾ? ಉಸಿರನ್ನು ತೂಗುವ ಮಾತು ಅದು.

ಪ್ರಸಂಗಿ 12 ಅಧ್ಯಾಯದ ಸಣ್ಣ ಪುಸ್ತಕ. ಅಷ್ಟರಲ್ಲೇ ಈ ಪದ 38 ಸಲ ಬರುತ್ತದೆ. ಪುಸ್ತಕ ಶುರುವಾಗುವುದೂ ಅದರಿಂದ, 12:8ರಲ್ಲಿ ಮುಚ್ಚುವುದೂ ಅದರಿಂದ. ಪುಸ್ತಕದಲ್ಲಿ ಮಾತಾಡುವ ಪ್ರಸಂಗಿ ‘ಹವೇಲ್ ಹವಾಲೀಮ್’ ಅನ್ನುತ್ತಾನೆ. ಬೈಬಲಿನದೇ ಇನ್ನೊಂದು ಪುಸ್ತಕ ಪರಮಗೀತವನ್ನು ಹೀಬ್ರೂವಿನಲ್ಲಿ ‘ಗೀತಗಳ ಗೀತ’ ಅನ್ನುತ್ತಾರಲ್ಲ, ಅದೇ ಅಚ್ಚು. ಹಬೆಗಳ ಹಬೆ. ಹಬೆಗಿಂತ ತೆಳು ಹಬೆ.

ಈಗ ‘ವ್ಯರ್ಥ’ ಎಲ್ಲಿಂದ ಬಂತು? ಗ್ರೀಕಿಗೆ ತಂದವರು ‘ಮತಾಯೊತೇಸ್’ ಅಂದರು, ಅಂದರೆ ಹುರುಳಿಲ್ಲದ್ದು. ಲ್ಯಾಟಿನ್ನಿಗೆ ತಂದ ಜೆರೋಮ್ ‘ವಾನಿಟಾಸ್’ ಅಂದ. 1611ರ ಇಂಗ್ಲಿಷ್ ಬೈಬಲ್ ‘ವ್ಯಾನಿಟಿ’ ಅಂತು. ನಮ್ಮವರೂ ಅದೇ ಹಾದಿ ಹಿಡಿದರು. ತಮಾಷೆ ಅಂದರೆ ಜೆರೋಮನಿಗೆ ಮೂಲ ಅರ್ಥ ಚೆನ್ನಾಗಿ ಗೊತ್ತಿತ್ತು. 4ನೇ ಶತಮಾನದ ಕೊನೆಗೆ ಬೆತ್ಲೆಹೇಮಿನಲ್ಲಿ ಕೂತು ಪ್ರಸಂಗಿಗೆ ವ್ಯಾಖ್ಯಾನ ಬರೆದನಲ್ಲ, ಅದರಲ್ಲೇ ಹೇಳುತ್ತಾನೆ, ಇದನ್ನು ಹೊಗೆಯ ಆವಿ, ಬೇಗ ಕರಗುವ ತೆಳುಗಾಳಿ ಅಂತಲೂ ಹೇಳಬಹುದು ಅಂತ. ಆದರೆ ಅನುವಾದದಲ್ಲಿ ವಾನಿಟಾಸ್ ಅನ್ನೇ ಉಳಿಸಿಕೊಂಡ. ರೋಮಿನಲ್ಲಿ ಬ್ಲೆಸಿಲ್ಲಾ ಅನ್ನುವ ಎಳೆ ವಿಧವೆಗೆ ಲೋಕದ ಮೇಲೆ ತಾತ್ಸಾರ ಹುಟ್ಟಲಿ ಅಂತ ಅವನು ಈ ಪುಸ್ತಕ ಓದಿ ಹೇಳಿದ್ದ. ಆ ಉದ್ದೇಶಕ್ಕೆ ಉಸಿರಿಗಿಂತ ವ್ಯರ್ಥವೇ ಅನುಕೂಲ, ಅಲ್ವಾ? ಇದು ನನ್ನ ಊಹೆ ಅಷ್ಟೇ, ಯಾರೂ ಸಿಟ್ಟಾಗಬೇಡಿ.

‘ವ್ಯರ್ಥ’ ಅಂದರೆ ಅರ್ಥ ಬಿಟ್ಟುಹೋದದ್ದು. ಅದು ತೀರ್ಪು. ಹೆವೆಲ್ ತೀರ್ಪಲ್ಲ, ಚಿತ್ರ. 11:10ರಲ್ಲಿ ಯೌವನ ಹೆವೆಲ್ ಅನ್ನುತ್ತಾನೆ. ಯೌವನ ವ್ಯರ್ಥ ಅಂತಲಾ? ಹಿಂದಿನ ವಾಕ್ಯದಲ್ಲೇ ಯೌವನದಲ್ಲಿ ಖುಷಿಪಡು ಅಂತ ಹೇಳಿದ್ದಾನೆ! ಬೇಗ ಹೋಗುತ್ತೆ ಕಣೋ, ಅನ್ನುತ್ತಿದ್ದಾನೆ. 9:9ರಲ್ಲಿ ನಿನ್ನ ಹೆವೆಲ್ ದಿನಗಳಲ್ಲೆಲ್ಲ ನೀನು ಪ್ರೀತಿಸುವ ಹೆಂಡತಿಯ ಜೊತೆ ಬದುಕನ್ನು ಅನುಭವಿಸು ಅನ್ನುತ್ತಾನೆ. ಆ ವಾಕ್ಯವನ್ನು ನಿಮ್ಮ ತಾಯಿಗೆ ಓದಿ ಹೇಳಿ.

ಹಾಗಂತ ಎಲ್ಲ ಕಡೆ ‘ಬೇಗ ಹೋಗುವುದು’ ಅಂತ ಹಚ್ಚಿದರೂ ಆಗುವುದಿಲ್ಲ. 8:14ರಲ್ಲಿ ಒಳ್ಳೆಯವರಿಗೆ ಕೆಟ್ಟವರ ಪಾಲು, ಕೆಟ್ಟವರಿಗೆ ಒಳ್ಳೆಯವರ ಪಾಲು ಸಿಗುತ್ತದೆ, ಇದೂ ಹೆವೆಲ್ ಅನ್ನುತ್ತಾನೆ. ಅಲ್ಲಿ ಹಬೆ ಕಣ್ಣಿಗೆ ಕಟ್ಟಿದ ಹಾಗೆ. ಮುಂದಿರುವುದು ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ. ಯೆರೆಮೀಯ 2:5ರಲ್ಲಿ ವಿಗ್ರಹಗಳಿಗೇ ಹೆವೆಲ್ ಅಂತ ಬೈಗುಳ, ಅದರ ಹಿಂದೆ ಹೋದವರು ತಾವೂ ಹೆವೆಲ್ ಆದರು ಅಂತ. ಅಲ್ಲಿ ವ್ಯರ್ಥ ಅಂದರೆ ಸರಿಯೇ. ಆದ್ದರಿಂದ ನಿಮ್ಮ ಅಯ್ಯನವರು ಸುಳ್ಳು ಹೇಳಲಿಲ್ಲ. ಇದ್ದ ಅನುವಾದವನ್ನು ಓದಿದರು, ಸಾವಿನ ಮನೆಯಲ್ಲಿ ಜಾಸ್ತಿ ಮಾತಾಡಿದರು.

—

ಹೈಫಾ ಅಕ್ಕ:

ನಾನು ಉಡುಪಿ ಕಡೆಯವಳು, ಒಂಬತ್ತು ವರ್ಷದಿಂದ ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ಮೇಷ್ಟ್ರಷ್ಟು ಓದಿಲ್ಲ, ಕಿವಿಗೆ ಬಿದ್ದಿದ್ದು ಹೇಳುತ್ತೇನೆ.

ನಮ್ಮ ಅಜ್ಜಿಗೆ (ನಾನು ನೋಡಿಕೊಳ್ಳುವವರು, 91 ವರ್ಷ) ಟಿವಿ ನ್ಯೂಸ್ ಬಂದರೆ ಸಾಕು, ಕೈ ಬೀಸಿ “ಹವಾಲೀಮ್!” ಅನ್ನುತ್ತಾರೆ. ಅಂದರೆ ಬರೀ ಬೊಗಳೆ. ಅದು ಇದೇ ಪದದ ಬಹುವಚನ ಅಂತ ನನಗೆ ಇವತ್ತು ಈ ಥ್ರೆಡ್ ಓದಿದ ಮೇಲೇ ಗೊತ್ತಾಗಿದ್ದು! ಇಲ್ಲಿ ಕೆಟಲಿನ ಹಬೆಗೆ ಹೆವೆಲ್ ಅನ್ನುವುದಿಲ್ಲ, ‘ಎದೀಮ್’ ಅನ್ನುತ್ತಾರೆ. ಆದರೆ ಚಳಿಗಾಲದಲ್ಲಿ ಬಾಯಿಂದ ಹೊಗೆ ಥರ ಬರುತ್ತಲ್ಲ, ಅದಕ್ಕೆ ‘ಹೆವೆಲ್ ಪೆ’, ಬಾಯಿಯ ಹಬೆ. ನಾನು ಕೇಳಿದಾಗ ಅಜ್ಜಿ ಕಿಟಕಿ ಗಾಜಿಗೆ ಹಾ ಅಂತ ಊದಿದರು. ಬೆಳ್ಳಗಾಯಿತು. ಬೆರಳಿನಲ್ಲಿ ಒಂದು ಗೆರೆ ಎಳೆದರು. ಗೆರೆ ಮಾಯ ಆಗುವ ತನಕ ನೋಡಿ, “ಝೆ ಹೆವೆಲ್” ಅಂದರು. ಇದೇ ಹೆವೆಲ್, ಅಷ್ಟೇ.

ಒಂದು ಎಚ್ಚರಿಕೆ. ‘ಖವಾಲ್’ ಅಂತ ಇನ್ನೊಂದು ಪದ ದಿನಕ್ಕೆ ಹತ್ತು ಸಲ ಕೇಳಿಸುತ್ತದೆ, ‘ಅಯ್ಯೋ ಪಾಪ’ ಅಂತ. ಮೊದಲಕ್ಷರ ಬೇರೆ, ಪದವೇ ಬೇರೆ. ನಾನು ಮೊದಲ ವರ್ಷ ಎರಡನ್ನೂ ಕಲಸಿ ನಗೆಪಾಟಲಾಗಿದ್ದೆ.

ಇನ್ನೊಂದು. ಪ್ರಸಂಗಿಯನ್ನು ಇಲ್ಲಿ ಸಾವಿನ ಮನೆಯ ಪುಸ್ತಕ ಅಂತ ನೋಡುವುದಿಲ್ಲ. ಯುರೋಪಿನಿಂದ ಬಂದ ಯೆಹೂದ್ಯರ ಸಭಾಮಂದಿರಗಳಲ್ಲಿ ಸುಕ್ಕೋತ್ ಹಬ್ಬದ ಸಬ್ಬತ್ ದಿನ, ಅಂದರೆ ಶನಿವಾರ, ಇದನ್ನು ಓದುತ್ತಾರೆ. ಅದು ಸುಗ್ಗಿ ಮುಗಿದ ಖುಷಿಯ ಹಬ್ಬ, ಸೊಪ್ಪಿನ ಚಪ್ಪರ ಹಾಕಿ ಏಳು ದಿನ ಅದರೊಳಗೆ ಊಟ. ಚಪ್ಪರದ ಸಂದಿಯಿಂದ ನಕ್ಷತ್ರ ಕಾಣುತ್ತದೆ. ಹಬ್ಬ ಮುಗಿದ ಮೇಲೆ ಬಿಚ್ಚಿ ಒಳಗಿಡುತ್ತಾರೆ. ನಮ್ಮ ಬಾಲ್ಕನಿಯಲ್ಲಿ ಪ್ರತಿವರ್ಷ ಕಟ್ಟುವವಳು ನಾನೇ, ಬಿಚ್ಚುವವಳೂ ನಾನೇ.

—

ಧಾತುಪಾಠ:

ಹಬೆ ಮತ್ತು ಹೆವೆಲ್: ಇಲ್ಲ. ಕಾಕತಾಳೀಯ. ಹೆವೆಲ್ ಹೀಬ್ರೂ, ಅರಬ್ಬಿ ಸೇರುವ ಸೆಮಿಟಿಕ್ ಕುಟುಂಬದ್ದು, ಹಬೆ ದ್ರಾವಿಡ. ‘ಸದ್ದು ಒಂದೇ ಥರ ಇದೆ’ ಅನ್ನುವುದು ಸಂಬಂಧಕ್ಕೆ ಸಾಕ್ಷಿಯಲ್ಲ. ಹೀಬ್ರೂವಿನಲ್ಲಿ ಕೊನೆಯ ‘ಲ್’ ಮೂಲಧಾತುವಿನದೇ ಭಾಗ, ಅದನ್ನು ಬಿಟ್ಟು ಹೋಲಿಸಿದರೆ ಏನನ್ನು ಬೇಕಾದರೂ ಹೋಲಿಸಬಹುದು.

ನಿಜವಾದ ಸ್ವಾರಸ್ಯ ಪಕ್ಕದ ಮನೆಯಲ್ಲಿದೆ. ‘ಆವಿ’ ನಮಗೂ ತಮಿಳಿಗೂ ಇದೆ. ನಮ್ಮಲ್ಲಿ ಅದು ಪಾತ್ರೆಯ ಆವಿಯಾಗಿಯೇ ಉಳಿಯಿತು. ತಮಿಳಿನಲ್ಲಿ ಆವಿ ಅಂದರೆ ಪ್ರಾಣವೂ ಹೌದು. ತಮಿಳು ಬೈಬಲಿನಲ್ಲಿ ಪವಿತ್ರಾತ್ಮನಿಗೆ ‘ಪರಿಶುದ್ಧ ಆವಿ’ ಅನ್ನುತ್ತಾರೆ. ಹಾಗಾಗಿ ಹಬೆ ಅಂದ ಕೂಡಲೇ ಕೀಳು ಅಂದುಕೊಳ್ಳಬೇಕಿಲ್ಲ.

ಹೇಬೆಲನ ವಿಷಯದಲ್ಲೂ ಪೂರ್ತಿ ಒಪ್ಪಿಗೆಯಿಲ್ಲ. ಪ್ರಾಚೀನ ಮೆಸೊಪೊಟೇಮಿಯಾದ ಅಕ್ಕಾಡಿಯನ್ ಭಾಷೆಯಲ್ಲಿ ಮಗ ಅನ್ನುವುದಕ್ಕೆ ‘ಅಪ್ಲು’ ಅಂತ ಇದೆ, ಹೆಸರು ಅಲ್ಲಿಂದ ಬಂದಿರಬಹುದು ಅನ್ನುವವರೂ ಇದ್ದಾರೆ. ಆದರೆ ಹೀಬ್ರೂ ಓದುವವನ ಕಿವಿಗೆ ಹಬೆಯೇ ಕೇಳುವುದು.

—

ಹಳೇ ಮೇಷ್ಟ್ರು:

ಧಾತುಪಾಠ ಅವರ ಮಾತು ಸರಿ. ಆದಿಕಾಂಡ 4 ಅನ್ನು ಆ ಕಿವಿಯಿಂದ ಇನ್ನೊಮ್ಮೆ ಓದಿ. ಕಾಯಿನ ಹುಟ್ಟಿದಾಗ ಹವ್ವ ಹೆಸರಿಗೆ ಕಾರಣ ಹೇಳುತ್ತಾಳೆ. ಎರಡನೇ ಮಗನಿಗೆ ಕಾರಣವೇ ಇಲ್ಲ. ಸುಮ್ನೆ ‘ಅವನ ತಮ್ಮ ಹೇಬೆಲ’. ಕುರಿ ಕಾಯುತ್ತಾನೆ, ಕಾಣಿಕೆ ತರುತ್ತಾನೆ, ಅಣ್ಣನ ಕೈಯಲ್ಲಿ ಸಾಯುತ್ತಾನೆ. ಇಡೀ ಕಥೆಯಲ್ಲಿ ಅವನ ಬಾಯಿಂದ ಒಂದು ಮಾತೂ ಇಲ್ಲ. ಸತ್ತ ಮೇಲೆ ಅವನ ರಕ್ತ ಕೂಗುತ್ತದೆ, ಅಷ್ಟೇ. ಬೈಬಲಿನಲ್ಲಿ ಸತ್ತ ಮೊದಲ ಮನುಷ್ಯನ ಹೆಸರೇ ಉಸಿರು. ದೇವರು ಅವನ ಕಾಣಿಕೆಯನ್ನು ಒಪ್ಪಿಕೊಂಡ ಅನ್ನುವುದನ್ನೂ ಮರೆಯಬೇಡಿ. ವ್ಯರ್ಥದ್ದನ್ನು ಯಾರು ಒಪ್ಪಿಕೊಳ್ಳುತ್ತಾರೆ?

—

ಮಲೆನಾಡಿಗ:

ತಲೆಹರಟೆ ಅಂದುಕೊಳ್ಳಬೇಡಿ. ಇದೆಲ್ಲ ನಮ್ಮ ‘ಮಾಯೆ’ ಅಲ್ವಾ? ನೀರ ಮೇಲಿನ ಗುಳ್ಳೆ ಅಂತ ನಮ್ಮಜ್ಜ ಹೇಳುತ್ತಿದ್ದರು.

—

ಇಡ್ಲಿಗಾಡಿ ಮಗ:

ಮಲೆನಾಡಿಗ ಅವರೇ, ನನಗೆ ತತ್ವಶಾಸ್ತ್ರ ಗೊತ್ತಿಲ್ಲ. ಗುಳ್ಳೆ ಸರಿ, ಮಾಯೆ ಒಪ್ಪಲಾರೆ. ಮಾಯೆ ಅಂದರೆ ಇಲ್ಲದ್ದು ಇದ್ದಂತೆ ಕಾಣುವುದು ಅಂತ ಕೇಳಿದ್ದೇನೆ. ಹಬೆ ಹಾಗಲ್ಲ. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಅವಸರದಲ್ಲಿ ಮುಚ್ಚಳವನ್ನು ನನ್ನ ಕಡೆ ವಾಲಿಸಿ ತೆಗೆದುಬಿಟ್ಟೆ. ಮುಂಗೈ ಪೂರ್ತಿ ಬೊಬ್ಬೆ. ಕಲೆ ಇನ್ನೂ ಇದೆ, ಈಗ ಟೈಪ್ ಮಾಡುವಾಗ ಕಾಣುತ್ತಿದೆ. ಅಪ್ಪ ಮೊದಲು ಬೈದರು, ಆಮೇಲೆ ಕೈಯನ್ನು ತಣ್ಣೀರಿನ ಬಕೆಟ್ಟಿನಲ್ಲಿ ಹಿಡಿದುಕೊಂಡೇ ಕೂತರು, ಅವತ್ತಿನ ಎರಡನೇ ಒಬ್ಬೆ ಸೀದುಹೋಯಿತು. ಹಬೆ ನಿಜ. ಅದರಲ್ಲಿ ಇಡ್ಲಿ ಬೇಯುತ್ತದೆ, ಕೈಯೂ ಬೇಯುತ್ತದೆ. ಹಿಡಿದಿಡಲು ಮಾತ್ರ ಆಗುವುದಿಲ್ಲ.

ಮೇಷ್ಟ್ರೇ, ಅಕ್ಕಾ, ತುಂಬಾ ಥ್ಯಾಂಕ್ಸ್. ಯೆಹೂದ್ಯರ ಗುರುಗಳು ಈ ಪದದ ಬಗ್ಗೆ ಬೇರೆ ಏನಾದರೂ ಹೇಳಿದ್ದಾರಾ?

—

ಹಳೇ ಮೇಷ್ಟ್ರು:

ಎರಡು ಹೇಳುತ್ತೇನೆ. ನಿಮ್ಮ ಮನೆಗೆ ಎರಡನೆಯದು ಹಿಡಿಸಬಹುದು.

ಮೊದಲನೆಯದು ತಾಲ್ಮುದಿನದು, ಅಂದರೆ ಯೆಹೂದ್ಯ ಗುರುಗಳ ಚರ್ಚೆಗಳ ದೊಡ್ಡ ಸಂಗ್ರಹದ್ದು, ಅದರ ಶಬ್ಬತ್ ಭಾಗದಲ್ಲಿ ಬರುತ್ತದೆ. ಪಾಠಶಾಲೆಯ ಮಕ್ಕಳ ಬಾಯಿಯ ಹೆವೆಲ್ ಇರುವುದರಿಂದಲೇ ಲೋಕ ನಿಂತಿದೆ ಅನ್ನುತ್ತಾರೆ ಗುರುಗಳು. ಅದೇ ಪದ! ಆಗ ಪಾಪಾ ಅನ್ನುವವರು ಅಬಾಯೇ ಅನ್ನುವವರನ್ನು ಕೇಳುತ್ತಾರೆ, ಹಾಗಾದರೆ ನನ್ನದು, ನಿನ್ನದು? ಉತ್ತರ: ಪಾಪ ಬೆರೆತ ಹೆವೆಲ್ಲೂ ಪಾಪವಿಲ್ಲದ ಹೆವೆಲ್ಲೂ ಒಂದೇ ಅಲ್ಲ.

ಎರಡನೆಯದು ಗುರುಗಳ ಹಳೇ ವ್ಯಾಖ್ಯಾನದ್ದು, ಅಂದರೆ ಪ್ರಸಂಗಿಯ ಮಿದ್ರಾಷ್‌ನದು. 1:2ರಲ್ಲಿ ಹೆವೆಲ್ ಎಷ್ಟು ಸಲ ಇದೆ ಎಣಿಸಿ. ಏಕವಚನ ಮೂರು, ಬಹುವಚನ ಎರಡು. ಬಹುವಚನವನ್ನು ಎರಡೆರಡಾಗಿ ಲೆಕ್ಕ ಹಿಡಿದರೆ ಏಳು. ಅದಕ್ಕೆ ಒಬ್ಬ ಗುರು ಹೇಳುತ್ತಾನೆ: ಒಲೆಯ ಮೇಲೆ ಒಂದರ ಮೇಲೊಂದು ಏಳು ಪಾತ್ರೆ ಇಟ್ಟ ಹಾಗೆ ಇದು. ತುಟ್ಟತುದಿಯ ಪಾತ್ರೆಯಿಂದ ಏಳುವ ಹಬೆಯಲ್ಲಿ ಹುರುಳೇ ಇರುವುದಿಲ್ಲ. ಹಬೆಗಳ ಹಬೆ ಅಂದರೆ ಆ ಕೊನೆಯ ಹಬೆ.

—

ಇಡ್ಲಿಗಾಡಿ ಮಗ:

ನಿನ್ನೆ ರಾತ್ರಿ ಅಮ್ಮನಿಗೆ ಎಲ್ಲ ಹೇಳಿದೆ. 9:9 ಓದಿದಾಗ ಏನೂ ಮಾತಾಡಲಿಲ್ಲ, ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಹೈಫಾ ಅಕ್ಕನ ಅಜ್ಜಿ ಗಾಜಿಗೆ ಊದಿದ್ದು ಕೇಳಿ, “ನಿಮ್ಮಪ್ಪನ ಕನ್ನಡಕ” ಅಂದಳು.

ಕೊನೆಗೆ ಏಳು ಪಾತ್ರೆಯ ಕಥೆ ಹೇಳಿದೆ. ಗಮನವಿಟ್ಟು ಕೇಳಿದಳು. ಆಮೇಲೆ ತಲೆ ಅಲ್ಲಾಡಿಸಿ, “ಏಳು ಯಾರು ಇಡ್ತಾರೋ? ಮೇಲಿಂದು ಬೇಯಲ್ಲ, ಹಿಟ್ಟು ದಂಡ. ನಿಮ್ಮಪ್ಪ ಯಾವತ್ತೂ ಐದರ ಮೇಲೆ ಇಟ್ಟೋರಲ್ಲ” ಅಂದಳು.