ದೋಣಿ ನಿಲ್ಲದ ದ್ವೀಪಕ್ಕೆ ಮಕ್ಕಳನ್ನು ಕಳಿಸಬೇಡ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಹಡಗು ಒಡೆದು ದ್ವೀಪ ಸೇರುವ ಕುಟುಂಬದ ಕಥೆ, ಕಡಿಮೆ ಬಜೆಟ್, ನಮ್ಮ ಎರಡೂ ಮಕ್ಕಳನ್ನು ಕೇಳಿದ್ದಾರೆ, ಹತ್ತು ದಿನ ದ್ವೀಪದಲ್ಲೇ ಶೂಟಿಂಗ್, ಕಳಿಸಲಾ ಮಾವ ಅಂತ ಕೇಳಿದ್ದೀಯ. ಫೋನಿಗೆ ಹೇಳಿ ಬರೆಸುತ್ತಿದ್ದೇನೆ, ಉದ್ದ ಆದರೂ ಪೂರ್ತಿ ಓದು. ದೊಡ್ಡವನಿಗೆ ನೀರು ಕಂಡರೆ ಹುಚ್ಚು, ಚಿಕ್ಕವಳು ಸ್ವಲ್ಪ ಚಳಿಯನ್ನೂ ತಡೆಯುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವುದೇ. ಅದಕ್ಕೇ ನನಗೆ ಆ ಹುಣ್ಣಿಮೆ ದಿನ ನೆನಪಾಯಿತು.

ನಾನು ಸಹಾಯಕ ನಿರ್ದೇಶಕನಾಗಿದ್ದ ಕಾಲ. ನಮ್ಮದೂ ಇಂಥದೇ ಕಥೆ, ಅಪ್ಪ ಅಮ್ಮ ಎರಡು ಮಕ್ಕಳು, ಒಂದು ದ್ವೀಪ. ದ್ವೀಪ ಅಂದರೆ ದೊಡ್ಡದಲ್ಲ, ಬಂಡೆ, ನಾಲ್ಕು ಮರ, ದಡಕ್ಕೂ ಅದಕ್ಕೂ ನಡುವೆ ಒಂದು ಮರಳಿನ ಹಾದಿ. ದುಡ್ಡು ಕಡಿಮೆ ಅಂತ ಕೆಲಸ ಕೆಟ್ಟದಾಗಿ ಮಾಡಿದೆವು ಅಂದುಕೊಳ್ಳಬೇಡ. ಒಂದೇ ಮರಳು ದಂಡೆಯನ್ನು ಎರಡು ಕಡೆಯಿಂದ ತೆಗೆದು ಎರಡು ಜಾಗ ಮಾಡಿದೆವು. ಯಾರೂ ಇಲ್ಲದ ದ್ವೀಪದಲ್ಲಿ ಇಪ್ಪತ್ತು ಜನರ ಹೆಜ್ಜೆ ಕಾಣಬಾರದಲ್ವಾ, ಪ್ರತಿ ಶಾಟ್‌ಗೂ ಮುಂಚೆ ಪೊರಕೆ ಹಿಡಿದು ಮರಳು ಗುಡಿಸಿದವನು ನಾನೇ. ಅಲೆಯ ಸದ್ದಿಗೆ ಮಾತು ಒಂದೂ ಸರಿಯಾಗಿ ಕೇಳುತ್ತಿರಲಿಲ್ಲ, ಎಲ್ಲ ಆಮೇಲೆ ಡಬ್ಬಿಂಗ್.

ಜಾಗ ನೋಡಲು ಹೋದದ್ದು ಅಷ್ಟಮಿ ದಿನ. ಬೆಳಗ್ಗೆಯಿಂದ ಸಂಜೆವರೆಗೆ ಇದ್ದೆವು, ಹಾದಿಯ ಮೇಲೆ ನೀರು ಮೊಣಕಾಲು ದಾಟಲೇ ಇಲ್ಲ. ಸರಿ, ನಡೆದೇ ಹೋಗಿ ಬರಬಹುದು, ದೋಣಿ ಯಾಕೆ ದಂಡ ಅಂದರು ನಿರ್ಮಾಪಕರು. ಶೂಟಿಂಗ್ ಶುರುವಾಗಿದ್ದು ಒಂದು ವಾರ ಆದ ಮೇಲೆ, ಹುಣ್ಣಿಮೆ ದಿನ. ಹುಣ್ಣಿಮೆ ಅಮಾವಾಸ್ಯೆಗೆ ಸೂರ್ಯ ಚಂದ್ರ ಎರಡೂ ಒಂದೇ ಗೆರೆಯಲ್ಲಿ ನಿಂತು ಎಳೆಯುತ್ತವೆ, ಉಬ್ಬರ ಜಾಸ್ತಿ ಏರುತ್ತದೆ, ಇಳಿತವೂ ಜಾಸ್ತಿ ಇಳಿಯುತ್ತದೆ. ಅಷ್ಟಮಿ ಹೊತ್ತಿಗೆ ಎರಡೂ ಕಡಿಮೆ. ನಮ್ಮಲ್ಲಿ ಒಬ್ಬರಿಗೂ ಅದು ತಲೆಗೆ ಹೋಗಲಿಲ್ಲ. ಬೆಳಗ್ಗೆ ಹತ್ತಕ್ಕೆ ಹೋದರೆ ಹಾದಿಯಲ್ಲಿ ನೀರೇ ಇಲ್ಲ, ಒಣ ಮರಳು! ಅದನ್ನು ನೋಡಿ ಇನ್ನೂ ಧೈರ್ಯ ಬಂತು. ಕುಡಿಯುವ ನೀರಿನ ಕ್ಯಾನ್ ಕೂಡ ದಡದಲ್ಲೇ ಬಿಟ್ಟೆವು, ಬೇಕಾದಾಗ ತಂದರಾಯಿತು ಅಂತ.

ಮಧ್ಯಾಹ್ನ ಬಿಸಿಲು ನೆತ್ತಿ ಮೇಲೆ, ಮುಖದ ಮೇಲೆಲ್ಲ ನೆರಳು. ನಿರ್ದೇಶಕರು ಬಿಸಿಲು ಇಳಿಯಲಿ ಅಂತ ಕಾದರು. ಎರಡು ಗಂಟೆಗೆ ನೋಡಿದಾಗ ಹಾದಿ ಇತ್ತು. ಮೂರೂವರೆಗೆ ಸೊಂಟದ ಮಟ್ಟ, ಎಳೆತ ಬೇರೆ. ಉಬ್ಬರ ಒಂದೇ ಸಮನೆ ಏರುವುದಿಲ್ಲ ಮಗಳೇ, ಸುಮಾರು ಆರು ಗಂಟೆ ಏರುತ್ತದೆ, ಆದರೆ ಅರ್ಧದಷ್ಟು ನೀರು ಮೂರನೇ ನಾಲ್ಕನೇ ಗಂಟೆಯಲ್ಲೇ ಬಂದುಬಿಡುತ್ತದೆ. ನಾವು ಇನ್ನೊಂದೇ ಶಾಟ್ ಅಂದಿದ್ದು ಸರಿಯಾಗಿ ಆ ಹೊತ್ತಿಗೆ. ಆಗ ಮೊಬೈಲ್ ಇರಲಿಲ್ಲ. ದೋಣಿಯೂ ಇಲ್ಲ.

ಮಗಳ ಪಾತ್ರ ಮಾಡುತ್ತಿದ್ದ ಹುಡುಗಿಗೆ ಏಳು ವರ್ಷ. ಹರಿದ ಬಟ್ಟೆ, ಹಿಂದಿನ ಶಾಟ್‌ಗೆ ಹೊಂದಬೇಕು ಅಂತ ಅದನ್ನು ಮತ್ತೆ ಮತ್ತೆ ಒದ್ದೆ ಮಾಡುತ್ತಿದ್ದೆವು. ಸಂಜೆ ಗಾಳಿ ಎದ್ದಿತು. ಮಗು ಗಡಗಡ ನಡುಗಿತು, ಆಮೇಲೆ ನಡುಕ ನಿಂತಿತು, ತೂಕಡಿಸಿತು. ಸದ್ಯ, ಬೆಚ್ಚಗಾಯಿತು ಅಂದುಕೊಂಡೆವು. ಮೇಕಪ್ ಮಾಡುವ ಅಕ್ಕ ಕೂಗಿಕೊಂಡು ಓಡಿ ಬಂದರು. ಚಳಿ ಮಿತಿ ಮೀರಿದಾಗ ಮೈ ನಡುಗುವುದನ್ನೇ ಬಿಡುತ್ತದೆ, ಅದು ಅಪಾಯದ ಗುರುತು. ಒದ್ದೆ ಬಟ್ಟೆ ತೆಗೆದು, ಲೈಟಿನವರ ಕಪ್ಪು ಬಟ್ಟೆ ಸುತ್ತಿ, ಅದರ ಮೇಲೆ ಬೆಳಕು ತಿರುಗಿಸುವ ರಿಫ್ಲೆಕ್ಟರ್ ಹಾಳೆ ಹೊದಿಸಿ, ತಮ್ಮ ಮೈಗೆ ಅಪ್ಪಿಕೊಂಡು ಕೂತರು. ಅಷ್ಟರಲ್ಲಿ ಮಗನ ಪಾತ್ರದ ಹುಡುಗ ಬಾಯಾರಿಕೆ ತಾಳದೆ ಸಮುದ್ರದ ನೀರು ಕುಡಿದಿದ್ದ. ಸೀನಿನಲ್ಲಿ ಚಿಪ್ಪಿನಿಂದ ಕುಡಿದಿದ್ದನಲ್ಲ, ನಿಜಕ್ಕೂ ಕುಡಿಯಬಹುದು ಅಂದುಕೊಂಡ ಪಾಪ. ಒಂದು ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ, ಅದನ್ನು ಹೊರಗೆ ಹಾಕಲು ಮೂತ್ರಪಿಂಡಕ್ಕೆ ಕುಡಿದದ್ದಕ್ಕಿಂತ ಜಾಸ್ತಿ ನೀರು ಬೇಕು. ಬಾಯಾರಿಕೆ ಹೆಚ್ಚಿತೇ ಹೊರತು ತೀರಲಿಲ್ಲ, ವಾಂತಿ ಬೇರೆ. ರಾತ್ರಿ ಹನ್ನೊಂದಕ್ಕೆ ನೀರಿಳಿದು ಹಾದಿ ಕಂಡಿತು. ಬೆಳದಿಂಗಳಲ್ಲಿ ಮಕ್ಕಳನ್ನು ಹೆಗಲ ಮೇಲೆ ಹೊತ್ತು ದಾಟಿಸಿದೆವು. ಎರಡೂ ಉಳಿದವು. ಆ ಹುಡುಗಿಯ ಕೈ ನನ್ನ ಕತ್ತಿನ ಮೇಲೆ ಎಷ್ಟು ತಣ್ಣಗಿತ್ತು ಅನ್ನುವುದು ಇವತ್ತಿಗೂ ಮರೆತಿಲ್ಲ.

ಅದಕ್ಕೇ ಹೇಳುವುದು, ದೋಣಿ ನಿಲ್ಲದ ದ್ವೀಪಕ್ಕೆ ಮಕ್ಕಳನ್ನು ಕಳಿಸಬೇಡ. ಬೆಳಗ್ಗೆ ಬಿಟ್ಟು ಸಂಜೆ ಬರುವ ದೋಣಿ ಅಲ್ಲ, ಇಡೀ ದಿನ ಅಲ್ಲೇ ಕಟ್ಟಿರುವ ದೋಣಿ.

ಆಮೇಲೆ ಏನಾಯಿತು ಗೊತ್ತಾ? ದೋಣಿ ಇಟ್ಟುಕೊಳ್ಳದೆ ಇದ್ದದ್ದು ನನ್ನ ತಪ್ಪು ಅಂದರು ನಿರ್ಮಾಪಕರು. ನಾನು ಲೆಕ್ಕದ ಹಾಳೆಯಲ್ಲಿ ದೋಣಿ ಅಂತ ಬರೆದು ಕೊಟ್ಟಿದ್ದೆ, ಅದರ ಮೇಲೆ ಗೀಟು ಎಳೆದವರು ಅವರೇ. ಕೊನೆಯ ಕಂತು ಕೊಡಲಿಲ್ಲ. ಸಿನಿಮಾ ಬಂದಾಗ ಟೈಟಲ್‌ನಲ್ಲಿ ನನ್ನ ಹೆಸರಿಲ್ಲ, ಮೇಕಪ್ ಅಕ್ಕನ ಹೆಸರೂ ಇಲ್ಲ. ಆ ರಾತ್ರಿಯ ಕಥೆಯನ್ನು ಮಾತ್ರ ಎಷ್ಟು ಕಷ್ಟಪಟ್ಟು ತೆಗೆದೆವು ನೋಡಿ ಅಂತ ಹೋದಲ್ಲೆಲ್ಲ ಹೇಳಿಕೊಂಡರು. ಮಗುವಿನ ಜೀವ ಉಳಿಸಿದವರ ಹೆಸರು ಹಾಕಲು ಎಷ್ಟು ಖರ್ಚಾಗುತ್ತಿತ್ತು? ನಮ್ಮ ಮನೆಯಲ್ಲೂ ಅಷ್ಟೇ, ನಿಮ್ಮಪ್ಪ, ಅಂದರೆ ನನ್ನ ಭಾವ, ಸಿನಿಮಾದವರಿಗೆ ಹೀಗೇ ಆಗಬೇಕು ಅಂದರು. ಏನಾಯಿತು ಅಂತ ಒಬ್ಬರೂ ಕೂತು ಕೇಳಲಿಲ್ಲ. ನನ್ನ ಅಕ್ಕ, ನಿಮ್ಮಮ್ಮ, ಒಬ್ಬಳೇ ಕೇಳಿದ್ದು.

ಅಯ್ಯೋ, ನೀನು ಕೇಳಿದ್ದು ಕಳಿಸಲಾ ಬೇಡವಾ ಅಂತ ಅಲ್ವಾ. ಬೇಡ ಅನ್ನುವುದಿಲ್ಲ, ಮಕ್ಕಳಿಗೆ ಆಸೆ ಇದೆ, ಇಂಥ ಸಿನಿಮಾ ಮನೆಯವರೆಲ್ಲ ಕೂತು ನೋಡುವಂಥದು. ಒಪ್ಪುವ ಮುಂಚೆ ಕೇಳಿ ತಿಳಿದುಕೋ. ದೋಣಿ ಅಲ್ಲೇ ಇರುತ್ತದಾ, ಎಲ್ಲರಿಗೂ ಸಾಲುವಷ್ಟು ಲೈಫ್ ಜಾಕೆಟ್ ಇದೆಯಾ, ಮಕ್ಕಳ ಅಳತೆಯದು ಬೇರೆ ಇರಬೇಕು. ದಿನದ ಶೂಟಿಂಗ್ ಪಟ್ಟಿಯಲ್ಲಿ ಉಬ್ಬರ ಇಳಿತದ ವೇಳೆ ಬರೆದಿರುತ್ತಾರಾ? ಅದು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ನಿನ್ನೆಯ ವೇಳೆ ಇವತ್ತಿಗೆ ಆಗುವುದಿಲ್ಲ. ತೆಪ್ಪದ ಸೀನ್ ಇದ್ದರೆ ಮೊಣಕಾಲು ನೀರಿನಲ್ಲೇ ತೆಗೆಯಲು ಹೇಳು, ಕ್ಯಾಮೆರಾ ತಗ್ಗಿಸಿ ದಡ ಕಾಣದ ಹಾಗೆ ಇಟ್ಟರೆ ನಡುಗಡಲಿನ ಹಾಗೇ ಕಾಣುತ್ತದೆ, ನಾವೂ ಹಾಗೇ ತೆಗೆದದ್ದು. ಪ್ರತಿ ಶಾಟ್ ಆದಮೇಲೆ ಒಣ ಬಟ್ಟೆ. ಮತ್ತೆ ನೀನು ಜೊತೆಗೆ ಹೋಗು, ನೀನು ಸಾಕು ಅಂದರೆ ಶೂಟಿಂಗ್ ನಿಲ್ಲಬೇಕು, ಅದನ್ನು ಕಾಗದದಲ್ಲೇ ಬರೆಸಿಕೋ.

ಮತ್ತೆ ಹೇಳುತ್ತೇನೆ, ದೋಣಿ ನಿಲ್ಲದಿದ್ದರೆ ಕಳಿಸಬೇಡ. ಹತ್ತು ದಿನ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಅಂತ ಇವತ್ತೇ ಕಳಿಸು, ಅದರಲ್ಲಿ ಹುಣ್ಣಿಮೆ ಅಮಾವಾಸ್ಯೆ ಬರುತ್ತದಾ ಅಂತ ನಾನು ನೋಡುತ್ತೇನೆ.