ಸಹಾಯ ಬೇಕು: ಕಂಪನಿಯ ವಾರ್ಷಿಕ ವರದಿ ಸಿಗುತ್ತಿಲ್ಲ

ನಮಸ್ಕಾರ, ನಾನು ಶಿರಸಿಯವನು. ಅಪ್ಪ ಅಡಿಕೆ ಮಾರಿದ ದುಡ್ಡಲ್ಲಿ ಹಿಂದೆ ಒಂದು ಕಂಪನಿಯ ಷೇರು ತಗೊಂಡಿದ್ದರು. ಇಟ್ಟುಕೊಳ್ಳಬೇಕೋ ಮಾರಬೇಕೋ ಅಂತ ಈಗ ಮನೆಯಲ್ಲಿ ಚರ್ಚೆ. ಲೆಕ್ಕ ನೋಡದೆ ಹೇಗೆ ಹೇಳುವುದು, ಅಲ್ವಾ?

ಕಂಪನಿಯ ವೆಬ್‌ಸೈಟ್‌ನಲ್ಲಿ ಹೂಡಿಕೆದಾರರ ಪುಟವೇನೋ ಇದೆ. ಚೇರ್ಮನ್ನರ ಫೋಟೋ ದೊಡ್ಡದಾಗಿ ಕಾಣುತ್ತದೆ. ವಾರ್ಷಿಕ ವರದಿಯ ಲಿಂಕ್ ಒತ್ತಿದರೆ ಮಾತ್ರ ಖಾಲಿ! ಷೇರುಪೇಟೆ ನಿಯಂತ್ರಕ ಸೆಬಿಯ 2015ರ ಲಿಸ್ಟಿಂಗ್ ನಿಯಮದಂತೆ (ಷೇರುಪೇಟೆಯಲ್ಲಿ ನೋಂದಾಯಿಸಿದ ಕಂಪನಿಗಳಿಗೆ) ಫಲಿತಾಂಶ, ವಾರ್ಷಿಕ ವರದಿ, ಯಾರ ಬಳಿ ಎಷ್ಟು ಷೇರು, ದೂರು ಕೊಡುವ ಇಮೇಲ್ ಎಲ್ಲ ಅಲ್ಲಿ ಇರಲೇಬೇಕು.

ಮುಂಬೈ ಷೇರುಪೇಟೆ ಬಿಎಸ್‌ಇಯ ಸೈಟ್‌ನಲ್ಲಿ ವರ್ಷದ ಫಲಿತಾಂಶ ಸಿಕ್ಕಿತು. ಕಂಪನಿಯದ್ದಷ್ಟೇ ನೋಡಿದರೆ ಲಾಭ. ಅಂಗಸಂಸ್ಥೆಗಳನ್ನೂ ಸೇರಿಸಿದ ಕನ್ಸಾಲಿಡೇಟೆಡ್ ಲೆಕ್ಕದಲ್ಲಿ ನಷ್ಟ. ಯಾವ ಅಂಗಸಂಸ್ಥೆ ದುಡ್ಡು ನುಂಗುತ್ತಿದೆ ಅಂತ ತಿಳಿಯಬೇಕು. ಅವುಗಳ ಲೆಕ್ಕಪತ್ರ ಬೇರೆ ಎಲ್ಲಾದರೂ ಸಿಗುತ್ತದೆಯೇ? ಆಡಿಟರ್ ಟಿಪ್ಪಣಿಯಲ್ಲಿ ಮೊದಲು ಏನು ನೋಡಬೇಕು?

ಕಂಪನಿ ಸೆಕ್ರೆಟರಿಗೆ ಮೇಲ್ ಹಾಕಿದ್ದೇನೆ, ಉತ್ತರ ಇಲ್ಲ. ಸೆಬಿಯ ಆನ್‌ಲೈನ್ ದೂರು ವ್ಯವಸ್ಥೆ ಸ್ಕೋರ್ಸ್‌ನಲ್ಲಿ ದೂರು ಕೊಟ್ಟವರು ಯಾರಾದರೂ ಇದ್ದೀರಾ? ಷೇರು ಅಪ್ಪನ ಹೆಸರಲ್ಲಿದೆ, ಹಾಗಾಗಿ ದೂರೂ ಅವರ ಹೆಸರಲ್ಲೇ ಹಾಕಬೇಕಾ? ಶಿರಸಿ, ಕುಮಟಾ ಕಡೆ ಇದನ್ನು ಕೂತು ವಿವರಿಸುವ ಸಿಎ ಇದ್ದರೆ ತಿಳಿಸಿ. ಷೇರು ಟಿಪ್ಸ್ ಮಾತ್ರ ಬೇಡ ಮಾರಾಯ್ರೆ.