ಸಹಾಯ ಬೇಕು: ಹಾಲುಣಿಸಲು ಜಿಪ್ ಇಟ್ಟು ಬ್ಲೌಸ್ ಹೊಲಿಯುವ ಟೈಲರ್, ದಾವಣಗೆರೆ

ಅಕ್ಕಂದಿರೇ, ಮಗುವಿನ ತೊಟ್ಟಿಲು ಶಾಸ್ತ್ರಕ್ಕೆ ಮೊಳಕಾಲ್ಮೂರು ರೇಷ್ಮೆ ಸೀರೆ ಉಡುತ್ತಿದ್ದೇನೆ. ಅದಕ್ಕೆ ಹಾಲುಣಿಸಲು ಅನುಕೂಲವಾಗುವ ಬ್ಲೌಸ್ ಹೊಲಿಸಬೇಕು. ಮಂಡಿಪೇಟೆ, ಚೌಕಿಪೇಟೆ ಕಡೆ ಇಂಥದ್ದು ಹೊಲಿದು ಅಭ್ಯಾಸ ಇರುವವರು ಗೊತ್ತಿದ್ದರೆ ತಿಳಿಸಿ. ಚಿತ್ರದುರ್ಗದಲ್ಲಿದ್ದರೂ ಬರುತ್ತೇನೆ.

ಮುಂದೆ ಹುಕ್ಕಿನ ಮಾಮೂಲಿ ಬ್ಲೌಸ್ ಸಾಕು ಅನ್ನಬೇಡಿ, ದಯವಿಟ್ಟು. ನನಗೆ ಬೋಟ್ ನೆಕ್, ಹಿಂದೆ ಹುಕ್ಕು ಇಷ್ಟ. ಬಾಣಂತಿಯಾದ ಮಾತ್ರಕ್ಕೆ ನನ್ನ ಅಭಿರುಚಿ ಯಾಕೆ ಬದಲಾಗಬೇಕು?

ಪ್ರಿನ್ಸೆಸ್ ಕಟ್‌ನ (ಎದೆಯ ಮೇಲಿಂದ ಉದ್ದಕ್ಕೆ ಇಳಿಯುವ) ಎರಡೂ ಹೊಲಿಗೆಯಲ್ಲಿ 7 ಇಂಚಿನ ಇನ್ವಿಸಿಬಲ್ ಜಿಪ್, ಅಂದರೆ ಹೊರಗೆ ಕಾಣದ ಜಿಪ್ ಬರಬೇಕು. ಮುಚ್ಚಿದಾಗ ರನ್ನರ್ (ಜಿಪ್ ಎಳೆಯುವ ಗುಂಡಿ) ಕೆಳಗಿರಲಿ. ತೆರೆಯಲು ಒಂದೇ ಕೈಯಲ್ಲಿ ಮೇಲಕ್ಕೆ ಎಳೆದರೆ ಸಾಕು, ಇನ್ನೊಂದರಲ್ಲಿ ಮಗು ಇರುತ್ತದೆ. ಕೆಡುವುದು ಹೆಚ್ಚಾಗಿ ಇಲ್ಲೇ. ತೆಳು ರೇಷ್ಮೆಗೆ ನೇರವಾಗಿ ಜಿಪ್ ಹೊಲಿದರೆ ಬಟ್ಟೆ ಸುಕ್ಕಾಗಿ ಎದೆಯ ಮೇಲೆ ಅಲೆಅಲೆಯಾಗಿ ಏಳುತ್ತದೆ. ಹಾಗಾಗಿ ಹೊಲಿಗೆಯ ಅಂಚಿಗೆ ಮೊದಲು 1 ಇಂಚು ಅಗಲದ ತೆಳು ಕ್ಯಾನ್ವಾಸ್ ಪಟ್ಟಿ ಇಸ್ತ್ರಿ ಮಾಡಿ ಅಂಟಿಸಬೇಕು. ಒಳಗಡೆ ಜಿಪ್ ಹಲ್ಲು ಮಗುವಿನ ಕೆನ್ನೆಗೆ ತಾಗದಂತೆ ಮೆತ್ತನೆಯ ಹತ್ತಿ ಪಟ್ಟಿ ಕೊಡಬೇಕು. ಲೈನಿಂಗ್ ಹತ್ತಿಯದೇ ಆಗಲಿ, ಕತ್ತರಿಸುವ ಮುಂಚೆ ನೆನೆಸಿ ಒಣಗಿಸಿರಲಿ. ಇಲ್ಲದಿದ್ದರೆ ಒಂದೇ ಒಗೆತಕ್ಕೆ ಕುಗ್ಗಿ ರೇಷ್ಮೆಯನ್ನು ಎಳೆಯುತ್ತದೆ.

ಫೀಡಿಂಗ್ ಬ್ರಾ ಹಾಕಿಕೊಂಡು, ಹಾಲು ತುಂಬಿದಾಗಲೇ ಅಳತೆ ಕೊಡುತ್ತೇನೆ. ಪಕ್ಕದ ಹೊಲಿಗೆಯಲ್ಲಿ ಎರಡೂ ಕಡೆ ಒಂದೂವರೆ ಇಂಚು ಮಾರ್ಜಿನ್ ಬಿಡುವವರು ಬೇಕು. ಕೂಲಿ ಎಷ್ಟು, ಎಷ್ಟು ದಿನ ಹಿಡಿಯುತ್ತದೆ, ಅವರು ಹೊಲಿದ ಬ್ಲೌಸಿನ ಫೋಟೋ ಇದ್ದರೆ ಅದನ್ನೂ ಹಾಕಿ.